ಹಳೆಯ ಟರ್ಬೊ ಡೀಸೆಲ್‌ನ ಪವರ್ ಹೆಚ್ಚಿಸುವ ಮುನ್ನ: ಮೊದಲು ಯಾವುದು, ಕೊನೆಗೆ ಯಾವುದು

"ಟ್ಯೂನಿಂಗ್ ಬಾಕ್ಸ್ ಹಾಕಿಸಿದೆ, ಪಿಕಪ್ ಚೆನ್ನಾಗಿ ಬಂತು. ಆದ್ರೆ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೆ ಹೋಗ್ತಿದೆ, ಏನ್ ಮಾಡ್ಲಿ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. (ಟ್ಯೂನಿಂಗ್ ಬಾಕ್ಸ್ ಅಂದರೆ ಎಂಜಿನ್‌ಗೆ ಹೆಚ್ಚು ಡೀಸೆಲ್ ಬಿಡಿಸುವ ಸಣ್ಣ ಎಲೆಕ್ಟ್ರಾನಿಕ್ ಪೆಟ್ಟಿಗೆ.) ಸ್ವಲ್ಪ ದಿನ ಬಿಟ್ಟು ಅದೇ ಗಾಡಿಯ ಕ್ಲಚ್ ಹೋಗುತ್ತದೆ. ಇಲ್ಲವೇ ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ಕೂಗಲು ಶುರು ಮಾಡುತ್ತದೆ. ಇಲ್ಲವೇ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಕೈಕೊಡುತ್ತದೆ.

ಇಂಥ ಗಾಡಿಗಳಲ್ಲಿ ತಪ್ಪಿರುವುದು ಹೆಚ್ಚಾಗಿ ಕೆಲಸದ ಕ್ರಮ. ಎಲ್ಲರೂ ಡೀಸೆಲ್ ಜಾಸ್ತಿ ಮಾಡುವುದರಿಂದ ಶುರು ಮಾಡುತ್ತಾರೆ. ಅದು ಕೊನೆಗೆ ಮಾಡಬೇಕಾದ ಕೆಲಸ. ಅದಕ್ಕೆ ಮೊದಲು ಎಂಜಿನ್‌ನ ಆರೋಗ್ಯ, ಕೂಲಿಂಗ್, ಗಾಳಿ, ಮೀಟರ್, ಕ್ಲಚ್, ಬ್ರೇಕ್ ಎಲ್ಲ ಮುಗಿದಿರಬೇಕು. ಈ ಮಾರ್ಗದರ್ಶಿ ಅದೇ ಕ್ರಮದಲ್ಲಿದೆ. ಒಂದು ಹಂತ ಪಾಸಾಗದಿದ್ದರೆ ಮುಂದಿನದಕ್ಕೆ ಹೋಗಬೇಡಿ.

ಇದು ಎರಡು ಬಗೆಯ ಗಾಡಿಗಳಿಗೆ. ಒಂದು, ಮೆಕ್ಯಾನಿಕಲ್ ಪಂಪ್ ಇರುವ ಹಳೆಯ ಸಫಾರಿ, ಸುಮೊ, ಬೊಲೆರೊ ತರಹದವು. ಎರಡು, ಕಾಮನ್ ರೈಲ್ (ಎಲ್ಲ ಸಿಲಿಂಡರ್‌ಗೂ ಒಂದೇ ಹೈ ಪ್ರೆಷರ್ ಪೈಪ್‌ನಿಂದ ಡೀಸೆಲ್ ಕೊಡುವ, ಕಂಪ್ಯೂಟರ್ ನಿಯಂತ್ರಿಸುವ ವ್ಯವಸ್ಥೆ) ಬಂದ ಮೇಲಿನ ಸ್ಕಾರ್ಪಿಯೊ, ಥಾರ್, ಮತ್ತು 1.3 ಲೀಟರ್ ಮಲ್ಟಿಜೆಟ್ ಎಂಜಿನ್‌ನ ಸ್ವಿಫ್ಟ್, ಡಿಜೈರ್, ಇಂಡಿಕಾ ವಿಸ್ಟಾದಂಥವು. ಬಿಎಸ್6 ಗಾಡಿಗಳ ಕಥೆ ಬೇರೆ, ಅದು ಇಲ್ಲಿಲ್ಲ.

## ಶಾಖ ಎಲ್ಲಿಂದ ಬರುತ್ತದೆ

ಇದೊಂದು ಅರ್ಥವಾದರೆ ಮುಂದಿನದೆಲ್ಲ ಸುಲಭ.

ಪೆಟ್ರೋಲ್ ಎಂಜಿನ್‌ನಲ್ಲಿ ಗಾಳಿ ಮತ್ತು ಇಂಧನ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಬೆರೆಯುತ್ತವೆ. ಡೀಸೆಲ್‌ನಲ್ಲಿ ಹಾಗಿಲ್ಲ. ಗಾಳಿ ಯಾವಾಗಲೂ ಧಾರಾಳವಾಗಿರುತ್ತದೆ. ಎಷ್ಟು ಡೀಸೆಲ್ ಬಿಟ್ಟರೆ ಅಷ್ಟು ಪವರ್. ಹಾಗಾಗಿ ಡೀಸೆಲ್ ಜಾಸ್ತಿ ಮಾಡಿದ ತಕ್ಷಣ ಎಳೆತ ಬರುತ್ತದೆ, ಮಾಡಿಸಿದವರಿಗೆ ಖುಷಿಯೂ ಆಗುತ್ತದೆ. ಆದರೆ ಒಂದು ಕಿಲೊ ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಕಿಲೊ ಗಾಳಿ ಬೇಕು. ಹೊಗೆ ಕಾಣದಿರಬೇಕಾದರೆ ಅದಕ್ಕಿಂತ ಸಾಕಷ್ಟು ಹೆಚ್ಚೇ ಬೇಕು. ಗಾಳಿ ಹೆಚ್ಚಿಸದೆ ಡೀಸೆಲ್ ಮಾತ್ರ ಹೆಚ್ಚಿಸುವುದು, ಗಾಳಿಯಾಡದ ಒಲೆಗೆ ಸೌದೆ ತುರುಕಿದ ಹಾಗೆ. ಕಪ್ಪು ಹೊಗೆ ಬರುತ್ತದೆ. ಒಲೆಗಿಂತ ಇಲ್ಲಿ ಕಷ್ಟ ಜಾಸ್ತಿ, ಯಾಕೆಂದರೆ ತಡವಾಗಿ ಉರಿಯುವ ಆ ಡೀಸೆಲ್‌ನ ಶಾಖ ಪಿಸ್ಟನ್ ತಲೆ, ಎಕ್ಸಾಸ್ಟ್ ವಾಲ್ವ್ ಮತ್ತು ಟರ್ಬೊ ಮೇಲೆ ಬೀಳುತ್ತದೆ.

ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಶುದ್ಧ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ಪಿಸ್ಟನ್ ಮಿಶ್ರಲೋಹ ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ಎಕ್ಸಾಸ್ಟ್ ಅನಿಲವೋ 700 ಡಿಗ್ರಿ ಸುಲಭವಾಗಿ ಮುಟ್ಟುತ್ತದೆ. ಪ್ರತಿ ಸುತ್ತಿನಲ್ಲೂ ಒಳಗೆ ತಣ್ಣನೆ ಗಾಳಿ ಬರುತ್ತದೆ, ಕೆಳಗಿನಿಂದ ಆಯಿಲ್ ತಂಪು ಮಾಡುತ್ತದೆ. ಪಿಸ್ಟನ್ ಬದುಕುವುದು ಇದರಿಂದಲೇ. ಒಂದು ಓವರ್‌ಟೇಕ್‌ಗೆ ಬೇಕಾದ ಹತ್ತು ಸೆಕೆಂಡ್ ಅದು ತಡೆಯುತ್ತದೆ. ಲೋಡ್ ಹಾಕಿಕೊಂಡು ಶಿರಾಡಿ ಘಾಟಿ ಹತ್ತುವ ಹತ್ತಾರು ನಿಮಿಷ ತಡೆಯುವುದಿಲ್ಲ.

## ಹಂತ 1: ಮಾಡಬೇಕೋ ಬೇಡವೋ ತೀರ್ಮಾನಿಸಿ

ನಿಮಗೆ ಬೇಕಿರುವುದು ನಿಜವಾಗಿ ಹೆಚ್ಚುವರಿ ಪವರ್ರಾ, ಅಥವಾ ಕಳೆದುಹೋದ ಪವರ್ ವಾಪಸ್ಸಾ? ಹತ್ತು ವರ್ಷ ದಾಟಿದ ಗಾಡಿಯಲ್ಲಿ ಹೆಚ್ಚಾಗಿ ಎರಡನೆಯದು. ಕಟ್ಟಿಕೊಂಡ ಇಂಟೇಕ್, ಸೀಳು ಬಿಟ್ಟ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿ ತಣಿಸುವ ಭಾಗ) ಹೋಸ್, ಸವೆದ ನಾಜಲ್ (ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ತುದಿ), ಅಂಟಿಕೊಂಡ ಇಜಿಆರ್ (ಸ್ವಲ್ಪ ಎಕ್ಸಾಸ್ಟ್ ಅನಿಲವನ್ನು ಎಂಜಿನ್‌ಗೆ ವಾಪಸ್ ಬಿಡುವ ವಾಲ್ವ್) ಇಷ್ಟನ್ನು ಸರಿ ಮಾಡಿದರೆ ಎಷ್ಟೋ ಜನರಿಗೆ "ಸಾಕಪ್ಪ ಇಷ್ಟು" ಅನ್ನಿಸುತ್ತದೆ. ಹಂತ 2 ಮತ್ತು 3 ಮುಗಿಸಿ ಒಂದು ತಿಂಗಳು ಓಡಿಸಿ ನೋಡಿ. ಅಲ್ಲೇ ನಿಲ್ಲಿಸಿದರೂ ಏನೂ ನಷ್ಟವಿಲ್ಲ.

ಕಂಪನಿಯೇ ಪವರ್ ಹೆಚ್ಚಿಸಿದಾಗ ಏನು ಮಾಡಿತು ನೋಡಿ. ಸ್ವಿಫ್ಟ್‌ನ 1248 ಸಿಸಿ ಡೀಸೆಲ್ 75 ಪಿಎಸ್ ಪವರ್, 190 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ಅದೇ ಎಂಜಿನ್ ಎರ್ಟಿಗಾದಲ್ಲಿ 90 ಪಿಎಸ್, 200 ನ್ಯೂಟನ್ ಮೀಟರ್. ಆ 15 ಪಿಎಸ್‌ಗಾಗಿ ಟರ್ಬೊವನ್ನೇ ಬದಲಿಸಿ ವೇರಿಯಬಲ್ ಜಾಮಿಟ್ರಿಯದು (ಒಳಗಿನ ಎಲೆಗಳ ಕೋನ ಬದಲಾಗುವಂಥದ್ದು) ಹಾಕಿದರು. ಟಾರ್ಕ್ ಏರಿಸಿದ್ದು ಬರೀ 10. ಹಳೆಯ ಟರ್ಬೊ, ಹಳೆಯ ಕ್ಲಚ್ ಇಟ್ಟುಕೊಂಡೇ 240 ನ್ಯೂಟನ್ ಮೀಟರ್ ಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ, ಆ ಹೆಚ್ಚಿನ ಹೊರೆ ಹೊರುವುದು ಯಾವ ಭಾಗ ಎಂದು ಕೇಳಿ.

ಕಾನೂನಿನ ಮಾತೂ ಈ ಹಂತದಲ್ಲೇ ಮುಗಿಯಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಮಾರ್ಪಾಡು ಮಾಡುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್‌ನಲ್ಲಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಇದೆ. ಹೊಗೆ ತಪಾಸಣೆಯಲ್ಲಿ ಬಿಎಸ್4 ಡೀಸೆಲ್‌ಗೆ ಹೊಗೆಯ ದಟ್ಟತೆಯ ಮಿತಿ (ಮೀಟರ್‌ಗೆ ಬೆಳಕು ಹೀರುವ ಅಂಕಿ) 1.62, ಅದಕ್ಕಿಂತ ಹಳೆಯದಕ್ಕೆ 2.45. ಕಪ್ಪು ಹೊಗೆ ಉಗುಳುವ ಗಾಡಿ ಇದರಲ್ಲಿ ಪಾಸಾಗುವುದಿಲ್ಲ. ಇನ್ಶೂರೆನ್ಸ್ ಕಂಪನಿಗೆ ತಿಳಿಸದೆ ಮಾಡಿದ ಬದಲಾವಣೆ ಕ್ಲೈಮ್ ಹೊತ್ತಿನಲ್ಲಿ ತಕರಾರಿಗೆ ದಾರಿ. ಇಜಿಆರ್ ಮುಚ್ಚುವುದು, ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಖಾಲಿ ಪೈಪ್ ಹಾಕುವುದು ಈ ಮಾರ್ಗದರ್ಶಿಯಲ್ಲಿ ಇಲ್ಲ. ನಮ್ಮ ಹಿಂದೆ ಬೈಕಿನಲ್ಲಿ ಬರುವವರು ಉಸಿರಾಡುವುದು ಅದನ್ನೇ ಅಲ್ವಾ?

## ಹಂತ 2: ಎಂಜಿನ್ ಆರೋಗ್ಯ ತಪಾಸಣೆ

ಹೆಚ್ಚು ಜನ ಬಿಟ್ಟುಬಿಡುವ ಹಂತ ಇದು. ಹೆಚ್ಚು ಎಂಜಿನ್ ಹೋಗುವುದೂ ಇದನ್ನು ಬಿಟ್ಟಿದ್ದಕ್ಕೇ. ಬೇಕಾದ ಸಾಮಾನು: ಡೀಸೆಲ್ ಕಂಪ್ರೆಷನ್ ಗೇಜ್ (ಪೆಟ್ರೋಲಿನದು ನಡೆಯುವುದಿಲ್ಲ, ಒತ್ತಡ ತಡೆಯದು), ಒಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್‌ನ ಅಂಕಿ ಓದುವ ಸಾಧನ), ಟಾರ್ಕ್ ವ್ರೆಂಚ್, ನಾಜಲ್ ರಿಟರ್ನ್ ಅಳೆಯಲು ನಾಲ್ಕು ಒಂದೇ ಅಳತೆಯ ಬಾಟಲಿ, ಒಳ್ಳೆಯ ಟಾರ್ಚ್. ಎಲ್ಲ ನೀವೇ ಕೊಳ್ಳಬೇಕಿಲ್ಲ, ಗ್ಯಾರೇಜ್‌ನಲ್ಲಿ ಇದ್ದರೆ ಸಾಕು. ಆದರೆ ಅಳೆದ ಅಂಕಿಯನ್ನು ಕೇಳಿ ಬರೆದಿಟ್ಟುಕೊಳ್ಳಿ. "ಚೆನ್ನಾಗಿದೆ ಸರ್" ಅನ್ನುವುದು ಅಳತೆಯಲ್ಲ.

ಕಂಪ್ರೆಷನ್. ಎಂಜಿನ್ ಬಿಸಿಯಿರುವಾಗ, ಬ್ಯಾಟರಿ ಪೂರ್ತಿ ಚಾರ್ಜ್ ಇರುವಾಗ ನೋಡಿ. ಆರೋಗ್ಯದ ಡೀಸೆಲ್‌ನಲ್ಲಿ ಸಾಮಾನ್ಯವಾಗಿ 25ರಿಂದ 30 ಬಾರ್ ಸಿಗುತ್ತದೆ. ನಿಮ್ಮ ಎಂಜಿನ್‌ನ ಕನಿಷ್ಠ ಅಂಕಿ ವರ್ಕ್‌ಶಾಪ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಅದಕ್ಕಿಂತ ಮುಖ್ಯ, ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ. ಮೂರು ಸಿಲಿಂಡರ್ 28 ತೋರಿಸಿ ಒಂದು 22 ತೋರಿಸಿದರೆ ಅಲ್ಲಿಗೆ ನಿಲ್ಲಿಸಿ. ಪವರ್ ಹೆಚ್ಚಿಸಿದರೆ ಮೊದಲು ಹೋಗುವುದು ಆ ಸಿಲಿಂಡರ್.

ಬ್ಲೋ-ಬೈ, ಅಂದರೆ ಪಿಸ್ಟನ್ ರಿಂಗ್ ದಾಟಿ ಕೆಳಗೆ ಸೋರುವ ಅನಿಲ. ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು, ಅದರ ಬಾಯಿಯ ಮೇಲೆ ಸುಮ್ನೆ ಮಗುಚಿ ಇಡಿ. ಸ್ವಲ್ಪ ಅಲುಗಾಡಿದರೆ ಪರವಾಗಿಲ್ಲ. ಹಾರಿ ಬಿದ್ದರೆ, ದಟ್ಟ ಹೊಗೆ ಬುಸುಬುಸು ಬಂದರೆ ರಿಂಗ್ ಸವೆದಿವೆ. ಅನುಮಾನ ಬಂದರೆ ಅದೇ ಮಾಡೆಲ್‌ನ ಇನ್ನೊಂದು ಗಾಡಿಯ ಜೊತೆ ಹೋಲಿಸಿ. ಕೆಲವು ಎಂಜಿನ್‌ಗಳಲ್ಲಿ ಮುಚ್ಚಳ ಸ್ವಲ್ಪ ಕುಣಿಯುವುದು ಸಹಜ.

ಹೆಡ್ ಗ್ಯಾಸ್ಕೆಟ್. ರಾತ್ರಿಯಿಡೀ ನಿಂತ ಗಾಡಿಯ ರೇಡಿಯೇಟರ್ ಮೇಲಿನ ಹೋಸ್ ಬೆಳಿಗ್ಗೆ ಗಟ್ಟಿಯಾಗಿದ್ದರೆ, ಒಳಗೆ ಉರಿದ ಅನಿಲ ಸೇರುತ್ತಿದೆ ಎಂದು ಅರ್ಥ. ತಣ್ಣಗಿರುವಾಗಲೇ ಕ್ಯಾಪ್ ತೆಗೆದು ಎಂಜಿನ್ ಶುರು ಮಾಡಿ. ಗುಳ್ಳೆ ನಿಲ್ಲದೆ ಬರುತ್ತಿದ್ದರೆ ಅದೇ ದೂರು. ಬಿಸಿ ಎಂಜಿನ್‌ನ ಕ್ಯಾಪ್ ಮಾತ್ರ ಯಾವತ್ತೂ ತೆಗೆಯಬೇಡಿ. ಗ್ಯಾರೇಜ್‌ಗಳಲ್ಲಿ ನೀಲಿ ದ್ರವದ ಪರೀಕ್ಷೆಯೂ ಇದೆ. ಕೂಲಂಟ್‌ನಲ್ಲಿ ಎಕ್ಸಾಸ್ಟ್ ಅನಿಲ ಇದ್ದರೆ ದ್ರವದ ಬಣ್ಣ ಹಸಿರು ಅಥವಾ ಹಳದಿಗೆ ತಿರುಗುತ್ತದೆ.

ನಾಜಲ್. ಕಾಮನ್ ರೈಲ್ ಗಾಡಿಯಲ್ಲಿ ಪ್ರತಿ ಇಂಜೆಕ್ಟರ್‌ನ (ನಾಜಲ್ ಇರುವ ಭಾಗ) ರಿಟರ್ನ್ ಪೈಪನ್ನು, ಅಂದರೆ ಉಳಿದ ಡೀಸೆಲ್ ವಾಪಸ್ ಹೋಗುವ ಪೈಪನ್ನು, ಬೇರೆ ಬೇರೆ ಬಾಟಲಿಗೆ ಬಿಟ್ಟು ಕೆಲವು ನಿಮಿಷ ಐಡಲ್ ಮಾಡಿಸಿ. ನಾಲ್ಕರಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟ ಇರಬೇಕು. ಒಂದರಲ್ಲಿ ಎರಡು ಪಟ್ಟು ಬಂದರೆ ಆ ಇಂಜೆಕ್ಟರ್ ಒಳಗೆ ಸವೆದಿದೆ. ಮೆಕ್ಯಾನಿಕಲ್ ಪಂಪ್ ಗಾಡಿಯಲ್ಲಿ ನಾಜಲ್‌ಗಳನ್ನು ಪಂಪ್-ನಾಜಲ್ ಅಂಗಡಿಗೆ ಕೊಟ್ಟು, ಬಿಡುವ ಒತ್ತಡ ಮತ್ತು ಸ್ಪ್ರೇ ಎರಡನ್ನೂ ನೋಡಿಸಿ. ಸ್ಪ್ರೇ ಬದಲು ಹನಿ ಹನಿ ಬೀಳುವ ನಾಜಲ್, ಡೀಸೆಲ್ ಜಾಸ್ತಿಯಾದ ಮೇಲೆ ಪಿಸ್ಟನ್ ತಲೆಯಲ್ಲಿ ತೂತು ಮಾಡುತ್ತದೆ.

ಇಲ್ಲಿ ಒಂದು ಜೀವದ ಎಚ್ಚರಿಕೆ. ಹಳೆಯ ಎಂಜಿನ್‌ಗಳಲ್ಲಿ ಯಾವ ಸಿಲಿಂಡರ್ ಮಿಸ್ ಆಗುತ್ತಿದೆ ಎಂದು ತಿಳಿಯಲು ಎಂಜಿನ್ ಓಡುತ್ತಿರುವಾಗಲೇ ನಾಜಲ್ ಪೈಪ್ ನಟ್ ಸಡಿಲಿಸುವ ರೂಢಿ ಇದೆ. ಕಾಮನ್ ರೈಲ್‌ನಲ್ಲಿ ಇದನ್ನು ಯಾವತ್ತೂ ಮಾಡಬಾರದು. ಆ ಪೈಪ್‌ನಲ್ಲಿ ಒತ್ತಡ 1,000 ಬಾರ್ ದಾಟುತ್ತದೆ, 1.3 ಮಲ್ಟಿಜೆಟ್‌ನಲ್ಲಿ 1,600 ಬಾರ್‌ವರೆಗೆ. ಕೂದಲೆಳೆಯಷ್ಟು ಸಂದಿನಿಂದ ಚಿಮ್ಮುವ ಡೀಸೆಲ್ ಚರ್ಮದೊಳಗೆ ನುಗ್ಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಾಣಬಹುದು, ಆದರೆ ತಕ್ಷಣ ಆಪರೇಷನ್ ಆಗದಿದ್ದರೆ ಬೆರಳು, ಕೈ ಹೋಗಬಹುದು. ಹಾಗೇನಾದರೂ ಆದರೆ ಮನೆ ಮದ್ದು ಮಾಡುತ್ತ ಕೂರಬೇಡಿ. ನೇರ ದೊಡ್ಡ ಆಸ್ಪತ್ರೆಗೆ ಹೋಗಿ, "ಹೈ ಪ್ರೆಷರ್ ಡೀಸೆಲ್ ಒಳಗೆ ಹೋಗಿದೆ" ಎಂದೇ ಹೇಳಿ.

ಟರ್ಬೊ. ಎಂಜಿನ್ ತಣ್ಣಗಿರುವಾಗ ಗಾಳಿ ಬರುವ ಪೈಪ್ ಬಿಚ್ಚಿ ನಡುವಿನ ನಟ್ ಹಿಡಿದು ನೋಡಿ. ಹಿಂದೆ ಮುಂದೆ ಎಳೆದಾಗ ಆಟ ಕೈಗೆ ಗೊತ್ತಾಗಬಾರದು. ಪಕ್ಕಕ್ಕೆ ಸ್ವಲ್ಪ ಆಟ ಇರುತ್ತದೆ, ಆದರೆ ಬ್ಲೇಡ್ ಸುತ್ತಲಿನ ಗೋಡೆಗೆ ತಾಗಬಾರದು. ಬ್ಲೇಡ್ ತುದಿ ಮುಕ್ಕಾಗಿದ್ದರೆ ಮೊದಲು ಟರ್ಬೊ ಸರಿ ಮಾಡಿಸಿ. ಇಂಟರ್‌ಕೂಲರ್ ಪೈಪ್‌ನಲ್ಲಿ ತೆಳು ಆಯಿಲ್ ಪದರ ಸಾಮಾನ್ಯ. ಮಡುಗಟ್ಟಿ ನಿಂತಿದ್ದರೆ ಸಾಮಾನ್ಯವಲ್ಲ.

ಟೈಮಿಂಗ್. ಬೆಲ್ಟ್ ಇರುವ ಎಂಜಿನ್‌ನಲ್ಲಿ ಕೊನೆಯ ಸಲ ಯಾವಾಗ ಬದಲಾಯಿತು ಎಂಬ ಬಿಲ್ ಸಿಗದಿದ್ದರೆ, ಬದಲಾಗಿಲ್ಲ ಎಂದೇ ತಿಳಿಯಿರಿ. 1.3 ಮಲ್ಟಿಜೆಟ್‌ನಲ್ಲಿ ಚೈನ್ ಇದೆ. ಆಯಿಲ್ ಬದಲಿಸದೆ ಓಡಿಸಿದ ಗಾಡಿಗಳಲ್ಲಿ ಅದು ಉದ್ದವಾಗುತ್ತದೆ. ಬೆಳಿಗ್ಗೆ ಮೊದಲ ಸ್ಟಾರ್ಟ್‌ಗೆ ಕೆಲವು ಸೆಕೆಂಡ್ ಗರಗರ ಸದ್ದು ಬಂದರೆ ಅದೇ ಗುರುತು.

## ಹಂತ 3: ಕೂಲಿಂಗ್ ಮತ್ತು ಗಾಳಿಯ ದಾರಿ

ರೇಡಿಯೇಟರ್ ಹೊರಗಿನಿಂದ ಸ್ವಚ್ಛ ಕಂಡರೂ ಒಳಗೆ ಕಟ್ಟಿರಬಹುದು. ಬಿಚ್ಚಿಸಿ ಒಳಗೆ ಕ್ಲೀನ್ ಮಾಡಿಸಿ, ಹಳೆಯದಾದರೆ ಬದಲಿಸಿ. ಥರ್ಮೊಸ್ಟಾಟ್ ಹೊಸದು ಹಾಕಿ. "ನಮ್ಮ ಸೆಕೆಗೆ ಥರ್ಮೊಸ್ಟಾಟ್ ಬೇಡ" ಎಂದು ಕಿತ್ತುಹಾಕುವ ಅಭ್ಯಾಸ ಈಗಲೂ ಇದೆ. ಕಿತ್ತರೆ ಎಂಜಿನ್ ಸರಿಯಾದ ಬಿಸಿಗೆ ಬರುವುದು ತಡವಾಗಿ, ಸಿಲಿಂಡರ್ ಬೇಗ ಸವೆಯುತ್ತದೆ. ವಿಸ್ಕಸ್ ಫ್ಯಾನ್ (ಬಿಸಿಯಾದಾಗ ಜೋರಾಗಿ ತಿರುಗುವಂಥದ್ದು) ಇರುವ ಗಾಡಿಯಲ್ಲಿ ಎಂಜಿನ್ ಬಿಸಿಯಾದ ಮೇಲೆ ಫ್ಯಾನ್ ಸದ್ದು ಜೋರಾಗಬೇಕು. ಆಗದಿದ್ದರೆ ಕಪ್ಲಿಂಗ್ ಸತ್ತಿದೆ. ಕೂಲಂಟ್ ಜಾಗಕ್ಕೆ ಬರೀ ನೀರು ಬೇಡ.

ಇನ್ನು ಗಾಳಿ. ಟರ್ಬೊ ಗಾಳಿಯನ್ನು ಒತ್ತಿದಾಗ ಅದು ಬಿಸಿಯಾಗುತ್ತದೆ. ಹೊರಗೆ 30 ಡಿಗ್ರಿ ಇದ್ದು ಬೂಸ್ಟ್ (ಟರ್ಬೊ ಕೊಡುವ ಹೆಚ್ಚುವರಿ ಗಾಳಿಯೊತ್ತಡ) 1 ಬಾರ್ ಇದ್ದರೆ, ಟರ್ಬೊದಿಂದ ಹೊರಬರುವ ಗಾಳಿ ಸುಮಾರು 130 ಡಿಗ್ರಿ. 1.5 ಬಾರ್‌ಗೆ ಏರಿಸಿದರೆ 170ಕ್ಕೂ ಮೇಲೆ. ಬಿಸಿ ಗಾಳಿಯಲ್ಲಿ ಆಕ್ಸಿಜನ್ ಕಡಿಮೆ. ಹಾಗಾಗಿ ಚಿಕ್ಕ ಟರ್ಬೊವನ್ನು ಒತ್ತಿ ಒತ್ತಿ ಬೂಸ್ಟ್ ಏರಿಸುವುದರಿಂದ ಒಂದು ಮಿತಿಯ ನಂತರ ಲಾಭವಿಲ್ಲ. ಟರ್ಬೊ ಮಾತ್ರ ಸವೆಯುತ್ತದೆ. ಇಂಟರ್‌ಕೂಲರ್ ಇದ್ದರೆ ಬಿಚ್ಚಿ, ಒಳಗಿನ ಆಯಿಲ್ ತೊಳೆದು, ಹೊರಗಿನ ಕೆಸರು, ಹುಳು ತೆಗೆದು ಹಾಕಿ. ಸಾಧ್ಯವಿದ್ದರೆ ಸ್ವಲ್ಪ ದೊಡ್ಡದು ಹಾಕಿಸಿ. ನನ್ನ ಕೇಳಿದರೆ, ದುಡ್ಡು ಹಾಕಲು ಎಲ್ಲಕ್ಕಿಂತ ಸುರಕ್ಷಿತ ಜಾಗ ಅದು.

ಹೋಸ್‌ಗಳನ್ನು ಕೈಯಲ್ಲಿ ಬಗ್ಗಿಸಿ ನೋಡಿ. ಸೀಳು ಬಗ್ಗಿಸಿದಾಗ ಮಾತ್ರ ಕಾಣುತ್ತದೆ. ಆಯಿಲ್ ಧೂಳು ಅಂಟಿರುವ ಕಡೆ ಲೀಕ್ ಇರುವ ಸಾಧ್ಯತೆ ಹೆಚ್ಚು. ಇಂಟೇಕ್ ಮ್ಯಾನಿಫೋಲ್ಡ್ ಬಿಚ್ಚಿದರೆ ಒಳಗೆ ಕಪ್ಪು ಅಂಟು ಅರ್ಧ ದಾರಿ ಮುಚ್ಚಿರುವುದು ಸಾಮಾನ್ಯ. ಅದನ್ನು ಗಾಡಿಯ ಮೇಲಿಟ್ಟೇ ಕೆರೆಯಬೇಡಿ, ಚೂರು ಸಿಲಿಂಡರ್‌ಗೆ ಬೀಳುತ್ತದೆ. ಬಿಚ್ಚಿ ತೊಳೆಯಿರಿ.

ಈ ಹಂತ ಮುಗಿದ ಮೇಲೆ ಗಾಡಿ ಓಡಿಸಿ ನೋಡಿ. ಬಹಳ ಜನ ಇಲ್ಲೇ ತೃಪ್ತರಾಗುತ್ತಾರೆ.

## ಹಂತ 4: ಡೀಸೆಲ್ ಮುಟ್ಟುವ ಮೊದಲೇ ಮೀಟರ್ ಹಾಕಿ

ಎರಡು ಮೀಟರ್ ಬೇಕೇ ಬೇಕು. ಬೂಸ್ಟ್ ಮೀಟರ್, ಎಕ್ಸಾಸ್ಟ್ ಶಾಖದ ಮೀಟರ್. ಗಾಡಿಯ ಡ್ಯಾಶ್‌ಬೋರ್ಡ್‌ನಲ್ಲಿರುವ ಟೆಂಪರೇಚರ್ ಮುಳ್ಳನ್ನು ನಂಬಿ ಕೂರಬೇಡಿ. ಅದು ಕೂಲಂಟ್‌ನದು, ಅದೂ ನಿಧಾನ. ಎಕ್ಸಾಸ್ಟ್ ಶಾಖ ಅಪಾಯದ ಮಟ್ಟ ಮುಟ್ಟಲು ಕೆಲವೇ ಸೆಕೆಂಡ್ ಸಾಕು. ಕೂಲಂಟ್ ಮುಳ್ಳು ಅಲ್ಲಾಡುವಷ್ಟರಲ್ಲಿ ಪಿಸ್ಟನ್ ಪೆಟ್ಟು ತಿಂದಾಗಿರುತ್ತದೆ.

ಎಕ್ಸಾಸ್ಟ್ ಮೀಟರ್‌ನ ಶಾಖ ಅಳೆಯುವ ಕೆ-ಟೈಪ್ ಥರ್ಮೊಕಪಲ್ ಕಡ್ಡಿ ಟರ್ಬೊಗೆ ಮೊದಲು, ಮ್ಯಾನಿಫೋಲ್ಡ್‌ನಲ್ಲಿ ಕೂರಬೇಕು. ಟರ್ಬೊ ನಂತರ ಹಾಕುವುದು ಸುಲಭ, ಆದರೆ ಲೋಡ್ ಇರುವಾಗ ಅಲ್ಲಿ 100ರಿಂದ 150 ಡಿಗ್ರಿ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಡಿಮೆ ತೋರಿಸುತ್ತದೆ. ಆ ವ್ಯತ್ಯಾಸ ಯಾವಾಗಲೂ ಒಂದೇ ಇರುವುದೂ ಇಲ್ಲ. ತೂತು ಕೊರೆಯುವಾಗ ಮ್ಯಾನಿಫೋಲ್ಡ್ ಬಿಚ್ಚಿ ಹೊರಗೆ ಕೊರೆಯಿರಿ. ಗಾಡಿಯ ಮೇಲೆಯೇ ಕೊರೆದು ಕಬ್ಬಿಣದ ಚೂರು ಟರ್ಬೊಗೆ ಹೋದರೆ, ಮೊದಲ ಸ್ಟಾರ್ಟ್‌ನಲ್ಲೇ ಬ್ಲೇಡ್ ಮುರಿಯುತ್ತದೆ.

ಹಳೆಯ ಎಂಜಿನ್‌ಗೆ ನಾನು ಇಟ್ಟುಕೊಳ್ಳುವ ಮಿತಿ ಹೀಗೆ. ಟರ್ಬೊಗೆ ಮೊದಲಿನ ಅಳತೆಯಲ್ಲಿ 650 ಡಿಗ್ರಿವರೆಗೆ ಉದ್ದದ ಏರು ನೆಮ್ಮದಿಯಾಗಿ ಹತ್ತಬಹುದು. 700 ಮುಟ್ಟಿ ನಿಂತರೆ ಆಕ್ಸಿಲರೇಟರ್ ಬಿಡಬೇಕು. 750 ಕಾಣಲೇಬಾರದು. ಇದಕ್ಕಿಂತ ಜಾಸ್ತಿ ತಡೆಯುವ ಎಂಜಿನ್‌ಗಳಿವೆ, ಆದರೆ ಲಕ್ಷಾಂತರ ಕಿಲೋಮೀಟರ್ ಓಡಿದ ಎಂಜಿನ್ ಅವುಗಳ ಸಾಲಿಗೆ ಸೇರುವುದಿಲ್ಲ.

ಮೀಟರ್ ಹಾಕಿದ ಮೇಲೆ ಏನೂ ಬದಲಿಸದೆ, ಕಂಪನಿ ಸೆಟ್ಟಿಂಗ್‌ನಲ್ಲೇ ನಿಮಗೆ ಗೊತ್ತಿರುವ ಒಂದು ಏರು ಹತ್ತಿ ಅಂಕಿ ಬರೆದುಕೊಳ್ಳಿ. ಯಾವ ಗೇರ್, ಎಷ್ಟು ಆರ್‌ಪಿಎಂ, ಬೂಸ್ಟ್ ಎಷ್ಟು, ಶಾಖ ಎಷ್ಟು. ಮುಂದೆ ಹೋಲಿಸಲು ಇದೇ ಆಧಾರ. ಇಲ್ಲೇ 680 ಕಾಣಿಸುತ್ತಿದ್ದರೆ ಹಂತ 2 ಅಥವಾ 3ರಲ್ಲಿ ಏನೋ ಬಿಟ್ಟುಹೋಗಿದೆ.

## ಹಂತ 5: ಕ್ಲಚ್ ಮತ್ತು ಬ್ರೇಕ್

ಖಾಲಿ ರಸ್ತೆಯ ಏರಿನಲ್ಲಿ ನಾಲ್ಕನೇ ಗೇರ್, 1,800 ಆರ್‌ಪಿಎಂ, ಪೂರ್ತಿ ಆಕ್ಸಿಲರೇಟರ್. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಈಗಾಗಲೇ ಜಾರುತ್ತಿದೆ. ಡ್ಯುಯಲ್ ಮಾಸ್ ಫ್ಲೈವೀಲ್ (ನಡುವೆ ಸ್ಪ್ರಿಂಗ್ ಇರುವ ಎರಡು ತುಂಡಿನ ಫ್ಲೈವೀಲ್) ಇರುವ ಗಾಡಿಯಲ್ಲಿ ಎಂಜಿನ್ ಆಫ್ ಮಾಡುವಾಗ ಟಕಟಕ ಸದ್ದು ಬಂದರೆ ಅದರ ಆಯಸ್ಸು ಮುಗಿಯುತ್ತ ಬಂದಿದೆ. ಬ್ರೇಕ್ ಪ್ಯಾಡ್, ಫ್ಲೂಯಿಡ್, ಟೈರ್ ಹೊಸದಾಗಲಿ. ಈ ಖರ್ಚಿಗೆ ದುಡ್ಡಿಲ್ಲದಿದ್ದರೆ ಪವರ್‌ಗೆ ಹಾಕಬೇಡಿ.

## ಹಂತ 6: ಕೊನೆಗೆ ಡೀಸೆಲ್

### ಮೆಕ್ಯಾನಿಕಲ್ ಪಂಪ್ ಗಾಡಿ

ಬಾಷ್ ವಿಇ ತರಹದ ರೋಟರಿ ಪಂಪ್‌ನ ಹಿಂಭಾಗದಲ್ಲಿ ಗರಿಷ್ಠ ಡೀಸೆಲ್ ನಿಗದಿ ಮಾಡುವ ಸ್ಕ್ರೂ ಇರುತ್ತದೆ. ಟರ್ಬೊ ಗಾಡಿಗಳಲ್ಲಿ ಮೇಲೆ ಬೂಸ್ಟ್ ಡಯಾಫ್ರಮ್ ಇರುತ್ತದೆ. ಬೂಸ್ಟ್ ಬಂದ ಹಾಗೆ ಡೀಸೆಲ್ ಹೆಚ್ಚಿಸುವುದು ಅದರ ಕೆಲಸ. ಎಲ್ಲರೂ ಸ್ಕ್ರೂಗೇ ಕೈ ಹಾಕುತ್ತಾರೆ. ಡಯಾಫ್ರಮ್ ಹರಿದಿದೆಯಾ, ಅದಕ್ಕೆ ಬರುವ ಸಣ್ಣ ಪೈಪ್ ಸೀಳಿದೆಯಾ ಎಂದು ಮೊದಲು ನೋಡಿ. ಹರಿದಿದ್ದರೆ ಬೂಸ್ಟ್ ಇದ್ದರೂ ಡೀಸೆಲ್ ಹೆಚ್ಚುವುದಿಲ್ಲ. "ಎಳೆತ ಇಲ್ಲ" ಎಂಬ ದೂರಿಗೆ ಅದೇ ಕಾರಣವಿರಬಹುದು.

ಸ್ಕ್ರೂ ತಿರುಗಿಸಲೇಬೇಕೆಂದರೆ ಮೊದಲು ಈಗಿರುವ ಜಾಗವನ್ನು ಪೇಂಟ್‌ನಿಂದ ಗುರುತು ಮಾಡಿ. ಒಂದು ಸಲಕ್ಕೆ ಎಂಟನೇ ಒಂದು ಸುತ್ತು, ಅಷ್ಟೇ. ಲಾಕ್ ನಟ್ ಬಿಗಿ ಮಾಡಿ, ಅದೇ ಏರು ಹತ್ತಿ ಅಂಕಿ ಬರೆಯಿರಿ. ಸ್ಕ್ರೂ ಒಳಗೆ ಹೋದ ಹಾಗೆ ಐಡಲ್ ಕೂಡ ಏರುತ್ತದೆ. ಅತಿಯಾದರೆ ಎಂಜಿನ್ ಐಡಲ್‌ಗೆ ವಾಪಸ್ ಬರುವುದಿಲ್ಲ. ಐಡಲ್ ಸ್ಕ್ರೂ ಪೂರ್ತಿ ಹಿಂದಕ್ಕೆ ಬಿಟ್ಟರೂ ಸರಿಹೋಗದಿದ್ದರೆ ನೀವು ಮಿತಿ ದಾಟಿದ್ದೀರಿ, ಹಿಂದಕ್ಕೆ ಬನ್ನಿ. ಲೋಡ್‌ನಲ್ಲಿ ನಿಲ್ಲದ ಕಪ್ಪು ಹೊಗೆ ಬಂದರೂ ಹಿಂದಕ್ಕೆ.

ವೇಸ್ಟ್‌ಗೇಟ್ (ಬೂಸ್ಟ್ ಮಿತಿ ಮೀರದಂತೆ ಎಕ್ಸಾಸ್ಟ್ ಅನಿಲವನ್ನು ಪಕ್ಕಕ್ಕೆ ಬಿಡುವ ಬಾಗಿಲು) ಕಡ್ಡಿ ಗಿಡ್ಡ ಮಾಡಿ ಬೂಸ್ಟ್ ಏರಿಸುವುದು ಇನ್ನೊಂದು ಪ್ರಸಿದ್ಧ ದಾರಿ. ಬೂಸ್ಟ್ ಮೀಟರ್ ಇಲ್ಲದೆ ಅದನ್ನು ಮುಟ್ಟಬೇಡಿ. ಮೀಟರ್ ಇದ್ದರೂ ಕಂಪನಿ ಅಂಕಿಗಿಂತ 0.1–0.2 ಬಾರ್ ಮೇಲೆ ನಿಲ್ಲಿಸಿ. ಎತ್ತರದ ಜಾಗದಲ್ಲಿ ಗಾಡಿ ಓಡುವುದಾದರೆ ಅದೂ ಬೇಡ. ಮುಳ್ಳಯ್ಯನಗಿರಿಯ 1,900 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಕಡಲ ಮಟ್ಟಕ್ಕಿಂತ ಸುಮಾರು ಐದನೇ ಒಂದು ಭಾಗ ಕಡಿಮೆ. ಅಷ್ಟೇ ಬೂಸ್ಟ್ ಕೊಡಲು ಟರ್ಬೊ ಇನ್ನೂ ವೇಗವಾಗಿ ತಿರುಗಬೇಕು. ಮಂಗಳೂರಿನಲ್ಲಿ ಸರಿಯಾಗಿದ್ದ ಸೆಟ್ಟಿಂಗ್ ಚಿಕ್ಕಮಗಳೂರಿನ ಬೆಟ್ಟದಲ್ಲಿ ಹೊಗೆ ಬಿಡುವುದು ಇದಕ್ಕೇ.

### ಕಾಮನ್ ರೈಲ್ ಗಾಡಿ

ಇಲ್ಲಿ ಎರಡು ದಾರಿ: ಟ್ಯೂನಿಂಗ್ ಬಾಕ್ಸ್, ಮತ್ತು ರೀಮ್ಯಾಪ್, ಅಂದರೆ ಇಸಿಯು (ಎಂಜಿನ್‌ನ ಕಂಪ್ಯೂಟರ್) ಒಳಗಿನ ಫೈಲನ್ನೇ ಬದಲಿಸುವುದು.

ಅಗ್ಗದ ಬಾಕ್ಸ್‌ಗಳು ಸಾಮಾನ್ಯವಾಗಿ ಮಾಡುವುದು ಒಂದೇ ಕೆಲಸ. ರೈಲ್ ಒತ್ತಡದ ಸೆನ್ಸರ್‌ನ ಮಾತನ್ನು ತಿರುಚಿ ಇಸಿಯುಗೆ ಸುಳ್ಳು ಹೇಳುತ್ತವೆ. ಒತ್ತಡ ಕಡಿಮೆಯಿದೆ ಎಂದು ನಂಬಿ ಇಸಿಯು ಇನ್ನಷ್ಟು ಏರಿಸುತ್ತದೆ. ಪಂಪ್, ರೈಲ್, ಇಂಜೆಕ್ಟರ್ ಎಲ್ಲ ತಮ್ಮ ಮಿತಿಯಾಚೆ ಕೆಲಸ ಮಾಡುತ್ತವೆ, ಇಸಿಯುಗೆ ಅದು ಗೊತ್ತೇ ಆಗುವುದಿಲ್ಲ. ಸ್ಕ್ಯಾನರ್ ಹಾಕಿ ನೋಡಿದರೂ ಸುಳ್ಳು ಅಂಕಿಯೇ ಕಾಣುತ್ತದೆ. ಹಳೆಯ ಇಂಜೆಕ್ಟರ್ ಇರುವ ಗಾಡಿಗೆ ಇದು ಬೇಡವೇ ಬೇಡ.

ರೀಮ್ಯಾಪ್ ಉತ್ತಮ, ಮಾಡುವವರು ಸರಿಯಿದ್ದರೆ. ಒಳ್ಳೆಯ ಟ್ಯೂನರ್ ನಿಮ್ಮ ಗಾಡಿಯ ಲೈವ್ ಡೇಟಾ ಮೊದಲು ನೋಡುತ್ತಾರೆ. ರೈಲ್ ಒತ್ತಡ ಕೇಳಿದ್ದೆಷ್ಟು ಬಂದದ್ದೆಷ್ಟು, ಬೂಸ್ಟ್ ಕೇಳಿದ್ದೆಷ್ಟು ಬಂದದ್ದೆಷ್ಟು ಎಂದು. ಎರಡರಲ್ಲೂ ಅಂತರವಿದ್ದರೆ "ಮೊದಲು ರಿಪೇರಿ ಮಾಡಿಸಿ" ಎಂದು ವಾಪಸ್ ಕಳಿಸುತ್ತಾರೆ. ಗಾಡಿ ಬಂದ ಹತ್ತು ನಿಮಿಷಕ್ಕೆ ಲ್ಯಾಪ್‌ಟಾಪ್‌ನಲ್ಲಿರುವ ರೆಡಿ ಫೈಲ್ ಹಾಕಿ ಕಳಿಸುವವರಿಂದ ದೂರವಿರಿ. ಅವರನ್ನು ಇಷ್ಟು ಕೇಳಿ:

1. ನನ್ನ ಒರಿಜಿನಲ್ ಫೈಲ್ ಓದಿ, ಅದರ ಕಾಪಿ ನನಗೆ ಕೊಡುತ್ತೀರಾ?
2. ಹೊಗೆ ತಡೆಯುವ ಮಿತಿ, ಅಂದರೆ ಸ್ಮೋಕ್ ಲಿಮಿಟರ್, ಹಾಗೇ ಇರುತ್ತದಾ? ಅದನ್ನು ತೆಗೆದರೆ ಗಾಳಿಗೆ ಮೀರಿದ ಡೀಸೆಲ್ ಹೋಗುತ್ತದೆ.
3. 1,800 ಆರ್‌ಪಿಎಂ ಕೆಳಗೆ ಟಾರ್ಕ್ ಎಷ್ಟು ಏರಿಸುತ್ತೀರಿ? ಸರಿಯಾದ ಉತ್ತರ "ಏರಿಸುವುದಿಲ್ಲ" ಅಥವಾ "ತೀರಾ ಸ್ವಲ್ಪ". ಕೆಳಗಿನ ಆರ್‌ಪಿಎಂನಲ್ಲಿ ಹಠಾತ್ ಬರುವ ಟಾರ್ಕ್ ಕನೆಕ್ಟಿಂಗ್ ರಾಡ್, ಬೇರಿಂಗ್, ಕ್ಲಚ್ ಮೂರಕ್ಕೂ ಹೊಡೆತ.
4. ಡೀಸೆಲ್ ಚಿಮ್ಮುವ ಟೈಮಿಂಗ್ ಎಷ್ಟು ಮುಂದಕ್ಕೆ ತರುತ್ತೀರಿ? ಜಾಸ್ತಿ ಮುಂದಕ್ಕೆ ತಂದರೆ ಸಿಲಿಂಡರ್ ಒಳಗಿನ ಒತ್ತಡ ಏರಿ ಹೆಡ್ ಗ್ಯಾಸ್ಕೆಟ್‌ಗೆ ಅಪಾಯ. ಟೈಮಿಂಗ್ ಮುಟ್ಟದೆ ಡೀಸೆಲ್ ಬಿಡುವ ಹೊತ್ತು ಮಾತ್ರ ಉದ್ದ ಮಾಡಿದರೆ ಎಕ್ಸಾಸ್ಟ್ ಶಾಖ ಏರುತ್ತದೆ.

ಎಷ್ಟು ಕೇಳಬೇಕು? ಹಳೆಯ ಎಂಜಿನ್‌ಗೆ ಶೇ 10, ಹೆಚ್ಚೆಂದರೆ 15. ಅಂದರೆ 75 ಪಿಎಸ್ ಗಾಡಿ 83–85ಕ್ಕೆ ಬಂದರೆ ಸಾಕು.

## ಹಂತ 7: ಘಾಟಿ ಪರೀಕ್ಷೆ

ಖಾಲಿ ಹೈವೇಯಲ್ಲಿ ಚೆನ್ನಾಗಿ ಓಡಿತು ಎಂದು ಕೆಲಸ ಮುಗಿಸಬೇಡಿ. ನಿಜವಾದ ಪರೀಕ್ಷೆ ಉದ್ದದ ಏರು, ನಾಲ್ಕೈದು ಜನ, ಎಸಿ ಆನ್. ಶಿರಾಡಿಯಾಗಲಿ ಚಾರ್ಮಾಡಿಯಾಗಲಿ, ನಿಮ್ಮ ಕಡೆಯ ಯಾವ ಘಾಟಿಯಾದರೂ ಆಗಬಹುದು. ಪಕ್ಕದಲ್ಲಿ ಕೂತವರು ಅಂಕಿ ಓದಲಿ, ಓಡಿಸುವವರ ಕಣ್ಣು ರಸ್ತೆ ಮೇಲಿರಲಿ.

ಶಾಖ 680 ದಾಟುತ್ತ ಹೋದರೆ ಮೊದಲು ಗೇರ್ ಇಳಿಸಿ. ಇದು ಬಹಳ ಜನ ಉಲ್ಟಾ ಮಾಡುವ ಕೆಲಸ. ಆರ್‌ಪಿಎಂ ಕಡಿಮೆ ಇದ್ದರೆ ಎಂಜಿನ್‌ಗೆ ಆರಾಮ ಎಂದುಕೊಂಡು 1,400ರಲ್ಲಿ ನಾಲ್ಕನೇ ಗೇರ್‌ನಲ್ಲೇ ಎಳೆಸುತ್ತಾರೆ. ಅಲ್ಲಿ ಗಾಳಿ ಕಡಿಮೆ, ಡೀಸೆಲ್ ಜಾಸ್ತಿ, ಶಾಖ ಅತಿ ಹೆಚ್ಚು. ಮೂರಕ್ಕೆ ಇಳಿಸಿ 2,000ರ ಹತ್ತಿರ ಇಟ್ಟರೆ ಅದೇ ವೇಗದಲ್ಲಿ ಶಾಖ ಇಳಿಯುವುದು ಮೀಟರ್‌ನಲ್ಲೇ ಕಾಣುತ್ತದೆ. ಗೇರ್ ಇಳಿಸಿದರೂ 700 ಬಿಟ್ಟು ಇಳಿಯದಿದ್ದರೆ ಡೀಸೆಲ್ ಹೆಚ್ಚಾಗಿದೆ. ಸೆಟ್ಟಿಂಗ್ ಹಿಂದಕ್ಕೆ ತನ್ನಿ, ಮತ್ತೆ ಹತ್ತಿ ನೋಡಿ. ಮೇಲೆ ತಲುಪಿದ ತಕ್ಷಣ ಕೀ ಆಫ್ ಮಾಡಬೇಡಿ. ಎರಡು ಮೂರು ನಿಮಿಷ ಐಡಲ್ ಬಿಡಿ. ಇಲ್ಲದಿದ್ದರೆ ಕೆಂಪಗೆ ಕಾದ ಟರ್ಬೊದಲ್ಲಿ ನಿಂತ ಆಯಿಲ್ ಸುಟ್ಟು ಕರಿಯಾಗಿ, ಆಯಿಲ್ ಬರುವ ಸಣ್ಣ ಪೈಪ್ ಕಟ್ಟುತ್ತದೆ.

## ಗಾಡಿ ಕೊಡುವ ಸೂಚನೆಗಳು

ಕಪ್ಪು ಹೊಗೆ: ಗಾಳಿಗಿಂತ ಡೀಸೆಲ್ ಜಾಸ್ತಿ. ಮೊದಲು ಹೋಸ್ ಲೀಕ್ ನೋಡಿ, ಆಮೇಲೆ ಸೆಟ್ಟಿಂಗ್.

ನೀಲಿ ಹೊಗೆ: ಆಯಿಲ್ ಉರಿಯುತ್ತಿದೆ. ಟರ್ಬೊ ಸೀಲ್ ಅಥವಾ ರಿಂಗ್. ಓಡಿಸುವುದನ್ನು ನಿಲ್ಲಿಸಿ.

ಬಿಸಿಯಾದ ಮೇಲೂ ಬಿಳಿ ಹೊಗೆ: ಕೂಲಂಟ್ ಒಳಗೆ ಹೋಗುತ್ತಿರಬಹುದು, ಅಥವಾ ಒಂದು ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಕೂಲಂಟ್ ಮಟ್ಟ ದಿನಾ ನೋಡಿ.

ಟರ್ಬೊದಿಂದ ಸೈರನ್ ತರಹದ ಕೂಗು, ಮೊದಲಿಲ್ಲದ್ದು: ಬೇರಿಂಗ್ ಹೋಗುತ್ತಿದೆ ಅಥವಾ ಬೂಸ್ಟ್ ಲೀಕ್. ಅದೇ ದಿನ ನೋಡಿಸಿ.

ಆಯಿಲ್ ಮಟ್ಟ ಏರುತ್ತಿದೆ: ಖುಷಿ ಪಡಬೇಡಿ. ಡೀಸೆಲ್ ಆಯಿಲ್‌ಗೆ ಸೇರುತ್ತಿದೆ. ತೆಳುವಾದ ಆಯಿಲ್‌ನಲ್ಲಿ ಬೇರಿಂಗ್ ಬಹಳ ದಿನ ಬಾಳುವುದಿಲ್ಲ.

### ಕೀ ತೆಗೆದರೂ ಎಂಜಿನ್ ನಿಲ್ಲದಿದ್ದರೆ

ಟರ್ಬೊ ಸೀಲ್ ಒಡೆದು ಎಂಜಿನ್ ತನ್ನದೇ ಆಯಿಲ್ ಕುಡಿದು ಓಡತೊಡಗಿದರೆ ಹೀಗಾಗುತ್ತದೆ. ಆರ್‌ಪಿಎಂ ತಾನಾಗಿ ಏರುತ್ತದೆ, ಹಿಂದೆ ದಟ್ಟ ಹೊಗೆ. ಡೀಸೆಲ್ ನಿಲ್ಲಿಸಿ ಪ್ರಯೋಜನವಿಲ್ಲ, ಎಂಜಿನ್ ಓಡುತ್ತಿರುವುದು ಆಯಿಲ್‌ನಲ್ಲಿ. ಮ್ಯಾನುಯಲ್ ಗೇರ್ ಗಾಡಿಯಾದರೆ ನಿಂತಲ್ಲೇ ಬ್ರೇಕ್ ಗಟ್ಟಿಯಾಗಿ ಒತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ಅತಿ ಮೇಲಿನ ಗೇರ್ ಹಾಕಿ ಕ್ಲಚ್ ಬಿಡಿ. ಎಂಜಿನ್ ಉಸಿರುಗಟ್ಟಿ ನಿಲ್ಲಬೇಕು. ಮುಂದೆ ಯಾರೂ ಇರಬಾರದು. ಅದು ಆಗದಿದ್ದರೆ ಗಾಳಿ ಒಳಹೋಗುವ ಬಾಯಿಯನ್ನು ಗಟ್ಟಿ ಹಲಗೆಯಿಂದ ಮುಚ್ಚಬೇಕು, ಇಲ್ಲವೇ ಸಿಒ2 ಅಗ್ನಿಶಾಮಕ ಒಳಗೆ ಬಿಡಬೇಕು. ಕೈ ಅಥವಾ ಬಟ್ಟೆ ಒಡ್ಡಬೇಡಿ, ಎಳೆದುಕೊಳ್ಳುತ್ತದೆ. ಬಾನೆಟ್ ತೆರೆದಾಗ ಕಿರುಚುವ ಸದ್ದು ಜೋರಾಗಿದ್ದರೆ ಹತ್ತಿರವೇ ಹೋಗಬೇಡಿ. ಎಲ್ಲರನ್ನೂ ಇಳಿಸಿ ದೂರ ನಿಲ್ಲಿ. ಎಂಜಿನ್ ಹೋದರೆ ಇನ್ನೊಂದು ಹಾಕಿಸಬಹುದು.

## ಹಂತ 8: ಮೊದಲ 5,000 ಕಿಲೋಮೀಟರ್

ಮೊದಲ 1,000 ಕಿಲೋಮೀಟರ್‌ಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಹಳೆಯ ಫಿಲ್ಟರ್ ಕತ್ತರಿಸಿ ಒಳಗಿನ ಕಾಗದ ಬಿಡಿಸಿ ನೋಡಿ. ಹೊಳೆಯುವ ಚೂರು ಕಂಡರೆ ಬೇರಿಂಗ್ ಸವೆಯುತ್ತಿದೆ, ಕಂಪನಿ ಸೆಟ್ಟಿಂಗ್‌ಗೆ ವಾಪಸ್ ಹೋಗಿ. ಆಮೇಲಿಂದ ಆಯಿಲ್ ಬದಲಿಸುವ ಅವಧಿಯನ್ನು ಕಂಪನಿ ಹೇಳಿದ್ದರ ಅರ್ಧಕ್ಕೆ ಇಳಿಸಿ. ಡೀಸೆಲ್ ಫಿಲ್ಟರ್‌ನ ನೀರನ್ನು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಿಡಿ.

5,000 ಆದಾಗ ಬಾಟಲಿ ಪರೀಕ್ಷೆ, ಟರ್ಬೊ ಆಟ, ಬೆಳಗಿನ ಹೋಸ್ ಗಟ್ಟಿತನ, ಹೊಗೆ ತಪಾಸಣೆ ನಾಲ್ಕನ್ನೂ ಮತ್ತೆ ಮಾಡಿ, ಹಂತ 2ರಲ್ಲಿ ಬರೆದಿಟ್ಟ ಅಂಕಿಗಳ ಪಕ್ಕದಲ್ಲೇ ಬರೆಯಿರಿ. ಹೆಡ್ ಬೋಲ್ಟ್‌ಗಳನ್ನು "ಒಂದು ಸಲ ಟೈಟ್ ಮಾಡೋಣ" ಎಂದು ಯಾರಾದರೂ ಹೇಳಿದರೆ ಮ್ಯಾನ್ಯುಯಲ್ ತೋರಿಸಿ ಎನ್ನಿ. ಅನೇಕ ಎಂಜಿನ್‌ಗಳಲ್ಲಿ ಅವು ಒಮ್ಮೆ ಎಳೆದು ಕೂರಿಸುವ ಬೋಲ್ಟ್‌ಗಳು, ಮತ್ತೆ ತಿರುಗಿಸಿದರೆ ತುಂಡಾಗುತ್ತವೆ. ಒರಿಜಿನಲ್ ಫೈಲ್‌ನ ಕಾಪಿಯನ್ನು ಎರಡು ಕಡೆ ಇಟ್ಟುಕೊಳ್ಳಿ. ಗಾಡಿ ಮಾರುವ ದಿನ ಅದನ್ನೇ ವಾಪಸ್ ಹಾಕಿಸಿ, ಏನೇನು ಮಾಡಿಸಿದ್ದಿರಿ ಎಂಬ ಪಟ್ಟಿಯನ್ನು ಕೊಳ್ಳುವವರ ಕೈಗೆ ಕೊಡಿ.